ಗೃಹಚಿಂತನೆ: ಅಗಲಿದ ಮನೆಯಲ್ಲಿ ಮಗುವಿನ ಪಾಲು

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ನಮ್ಮ ಹಿರಿಯರು ಬಹುಕಾಲದ ಅನುಭವದಿಂದಲೇ ಆಡಿರಬೇಕು. ದಂಪತಿಗಳು ಒಂದೇ ಸೂರಿನಡಿಯಲ್ಲಿದ್ದು ಕಲಹವಾಡುವಾಗ ಕೂಸು ಮಮತೆಯಲ್ಲಿ ಬಡವಾಗುವುದು. ಅವರು ಅಗಲಿ ಬೇರೆ ಬೇರೆ ಮನೆ ಹೂಡಿದ ಮೇಲೆ ಅನ್ನವಸ್ತ್ರಗಳಲ್ಲಿಯೂ ಬಡವಾಗುವ ಭಯವುಂಟು. ಬಾಡಿಗೆ ಎರಡಾಗುತ್ತದೆ, ಒಲೆ ಎರಡಾಗುತ್ತದೆ. ಸಂಪಾದನೆ ಮಾತ್ರ ಇದ್ದಷ್ಟೇ. ಹೀಗಿರಲಾಗಿ ಮಗುವಿನ ಪೋಷಣೆಗೆ ಯಾರು ಎಷ್ಟು ಕೊಡತಕ್ಕದ್ದು, ಆ ಮೊತ್ತವನ್ನು ಯಾವ ಲೆಕ್ಕದಿಂದ ನಿರ್ಣಯಿಸುವರು ಎಂಬುದನ್ನು ಈ ತಿಂಗಳು ವಿಚಾರಮಾಡೋಣ. ಇಂತಹ ಮಾತು ಸಂಸಾರಸ್ಥರ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಕಷ್ಟವು ಬಾಗಿಲಿಗೆ ಬಂದಮೇಲೆ ಕಾನೂನನ್ನು ಹುಡುಕುವುದಕ್ಕಿಂತ, ಮನಸ್ಸು ಶಾಂತವಾಗಿರುವಾಗ ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಮೊದಲು ಹೊಣೆ ಯಾರದೆಂಬುದನ್ನು ನೋಡೋಣ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಕಲಮು ಮಕ್ಕಳ ಪೋಷಣೆಯ ಭಾರವನ್ನು ತಂದೆತಾಯಿಗಳಿಬ್ಬರ ಮೇಲೂ ಹೊರಿಸಿದೆ. ಮಕ್ಕಳು ಪ್ರಾಪ್ತವಯಸ್ಕರಾಗುವವರೆಗೆ ಈ ಹಕ್ಕು ಉಂಟು. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗಳಿಗೆ ಮದುವೆಯಾಗುವವರೆಗೂ ಉಂಟು. ಇದಲ್ಲದೆ, ಮತಭೇದವಿಲ್ಲದೆ ಸಕಲರಿಗೂ ಅನ್ವಯಿಸುವ ಇನ್ನೊಂದು ದಾರಿಯಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮೆನಿಸಿದ್ದ ಅದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಮುಸಲ್ಮಾನ ತಂದೆತಾಯಿಗಳ ಮಕ್ಕಳಿಗೂ ಈ ದಾರಿ ತೆರೆದಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಸ್ಪಷ್ಟಪಡಿಸಿತು.

ಇನ್ನು ಮೊತ್ತದ ಮಾತು. ಇಂಗ್ಲೆಂಡಿನಲ್ಲಿ ಸರ್ಕಾರದ ಒಂದು ಇಲಾಖೆಯೇ ಕೋಷ್ಟಕವನ್ನಿಟ್ಟುಕೊಂಡು ಲೆಕ್ಕಹಾಕುತ್ತದೆ. ಅಲ್ಲಿ ಸಾಮಾನ್ಯ ದರ್ಜೆಯ ಆದಾಯವುಳ್ಳವನು ಒಂದು ಮಗುವಿಗಾಗಿ ತನ್ನ ವಾರದ ಆದಾಯದಲ್ಲಿ ನೂರಕ್ಕೆ 12, ಇಬ್ಬರಿಗಾಗಿ 16, ಮೂವರು ಅಥವಾ ಹೆಚ್ಚು ಮಕ್ಕಳಿಗಾಗಿ 19ರಂತೆ ತೆರಬೇಕು. ನಮ್ಮ ದೇಶದಲ್ಲಿ ಅಂತಹ ಕೋಷ್ಟಕವಿಲ್ಲ. ಪ್ರತಿಯೊಂದು ಸಂಸಾರದ ಸ್ಥಿತಿಗತಿಯನ್ನು ನೋಡಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. 1973ರ ಸಂಹಿತೆಯಲ್ಲಿ ತಿಂಗಳಿಗೆ 500 ರೂಪಾಯಿ ಮೀರಕೂಡದೆಂಬ ಕಟ್ಟೊಂದಿತ್ತು. ಬೆಲೆಗಳು ಏರುತ್ತ ಹೋದರೂ ಆ ಕಟ್ಟು ಅಲ್ಲಾಡಲಿಲ್ಲ. ಕಡೆಗೆ 2001ರ ತಿದ್ದುಪಡಿಯಿಂದ ಅದು ತೊಲಗಿತು.

ಕೋಷ್ಟಕವಿಲ್ಲವೆಂದ ಮಾತ್ರಕ್ಕೆ ಲೆಕ್ಕವೇ ಇಲ್ಲವೆಂದು ತಿಳಿಯಬಾರದು. 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಕ್ಕೆಲ್ಲ ಒಂದು ಕ್ರಮವನ್ನು ಹಾಕಿಕೊಟ್ಟಿತು. ಅದರಂತೆ ಗಂಡಹೆಂಡಿರಿಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ವೆಚ್ಚಗಳನ್ನು ಪ್ರಮಾಣಪತ್ರದಲ್ಲಿ ಬರೆದು ಒಪ್ಪಿಸತಕ್ಕದ್ದು. ಮಗುವಿನ ವೆಚ್ಚವೆಂದರೆ ಊಟ, ಬಟ್ಟೆ, ವಸತಿ, ಔಷಧಿ, ವಿದ್ಯಾಭ್ಯಾಸ ಇವೆಲ್ಲವೂ ಸೇರಿದ್ದು. ಹೆಚ್ಚಿನ ಪಾಠದ ಖರ್ಚನ್ನೂ ಮಿತವಾಗಿ ಗಣಿಸಬೇಕು. ದೇಹದಲ್ಲಿ ಶಕ್ತಿಯಿದ್ದು ದುಡಿಯಬಲ್ಲವನು ತನಗೆ ಕೆಲಸವಿಲ್ಲವೆಂದು ಹೇಳಿ ಸುಮ್ಮನೆ ಜಾರಿಕೊಳ್ಳುವಂತಿಲ್ಲ. ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲತಕ್ಕದ್ದು.

ಹಂಚಿಕೆಯ ರೀತಿಯನ್ನು ತಿಳಿಯಲು ಎರಡು ಉದಾಹರಣೆಗಳನ್ನು ಕೊಡುತ್ತೇವೆ. ದೆಹಲಿಯ ಉಚ್ಚ ನ್ಯಾಯಾಲಯವು 2004ರಲ್ಲಿ ಸಂಸಾರದ ಆದಾಯವನ್ನು ಹಂಚುವ ಒಂದು ಸುಲಭ ಮಾರ್ಗವನ್ನು ತೋರಿಸಿತು. ಸಂಪಾದಿಸುವವನಿಗೆ ದುಡಿಮೆಯ ಹೆಚ್ಚಿನ ಖರ್ಚಿರುವುದರಿಂದ ಎರಡು ಪಾಲು, ಮಿಕ್ಕ ಪ್ರತಿಯೊಬ್ಬರಿಗೂ ಒಂದೊಂದು ಪಾಲು. ತೆರಿಗೆ ಕಳೆದು ಗಂಡನ ಕೈಗೆ ಬರುವುದು 60,000 ರೂಪಾಯಿ, ಹೆಂಡತಿಗೆ ಸಂಪಾದನೆಯಿಲ್ಲ, ಮಕ್ಕಳಿಬ್ಬರು ಎಂದಿಟ್ಟುಕೊಳ್ಳೋಣ. ಆಗ ಒಟ್ಟು ಐದು ಪಾಲು, ಪಾಲೊಂದಕ್ಕೆ 12,000. ತಾಯಿಮಕ್ಕಳ ಮನೆಗೆ 36,000, ಗಂಡನಿಗೆ 24,000. ಇದು ಎಲ್ಲ ನ್ಯಾಯಾಲಯಗಳನ್ನೂ ಕಟ್ಟುವ ವಿಧಿಯಲ್ಲ. ದಾರಿ ತೋರುವ ಕೈಮರವಷ್ಟೆ.

ತಾಯಿಯೂ ಸಂಪಾದಿಸುತ್ತಿದ್ದರೆ ಭಾರವು ಆದಾಯಕ್ಕೆ ತಕ್ಕಂತೆ ಹಂಚಿಹೋಗುತ್ತದೆ. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಪದ್ಮಜಾ ಶರ್ಮಾ ಅವರ ಮೊಕದ್ದಮೆಯಲ್ಲಿ, ದುಡಿಯುವ ತಂದೆತಾಯಿಗಳಿಬ್ಬರೂ ಮಕ್ಕಳ ವೆಚ್ಚವನ್ನು ಎರಡಕ್ಕೆ ಒಂದರಂತೆ ಹೊರಬೇಕೆಂದು ವಿಧಿಸಿತು. ಆ ಪ್ರಮಾಣದಲ್ಲಿ ಮಗುವಿನ ತಿಂಗಳ ವೆಚ್ಚ 18,000 ಆದರೆ, ತಂದೆಯದು 12,000, ತಾಯಿಯದು 6,000. ಇಲ್ಲಿ ಒಂದು ಮಾತನ್ನು ನಾವು ಸೇರಿಸಬೇಕು. ರಾತ್ರಿ ಜ್ವರ ಬಂದ ಮಗುವಿನ ಹಾಸಿಗೆಯ ಬಳಿ ಕುಳಿತವರ ನಿದ್ದೆಗೆ, ಶಾಲೆಗೆ ಕರೆದೊಯ್ಯುವವರ ಹೊತ್ತಿಗೆ ಇಂತಹ ಲೆಕ್ಕದಲ್ಲಿ ಅಂಕಣವಿಲ್ಲ. ಮಗು ಯಾರ ಬಳಿ ಇರುವುದೋ ಅವರು ಹಣದ ಹೊರತಾಗಿಯೂ ಪ್ರತಿದಿನ ತೆರುತ್ತಿರುತ್ತಾರೆ. ಕೊಡುವವರು ಇದನ್ನು ನೆನೆದರೆ ತಮ್ಮ ಪಾಲು ಅಷ್ಟು ಭಾರವೆನಿಸದು.

ಆಜ್ಞೆಯಾದರೂ ಹಣ ಬಾರದಿದ್ದರೆ ಸುಮ್ಮನಿರಲಾಗದು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಕೊಡತಕ್ಕದ್ದು. ನ್ಯಾಯಾಲಯವು ವಾರಂಟು ಹೊರಡಿಸಬಹುದು, ಕಾರಣವಿಲ್ಲದೆ ತಪ್ಪಿದವನನ್ನು ಸೆರೆಗೂ ಕಳುಹಿಸಬಹುದು. ಸಂಕೋಚದಿಂದಲೋ ಆಶೆಯಿಂದಲೋ ಆ ವರ್ಷವನ್ನು ಕಳೆದುಕೊಳ್ಳಬಾರದು. ಕಾಲ ಕಳೆದಂತೆ ಶಾಲೆಯ ಶುಲ್ಕ ಏರಿದರೆ, ಅಥವಾ ಕೊಡುವವನ ಆದಾಯ ನಿಜವಾಗಿ ಕುಗ್ಗಿದರೆ, ಮೊತ್ತವನ್ನು ಬದಲಿಸುವಂತೆ ಕೇಳಲು ಇಬ್ಬರಿಗೂ ಅವಕಾಶವುಂಟು. ವಕೀಲರಿಗೆ ಕೊಡಲು ಹಣವಿಲ್ಲದ ಸೋದರಿಯರು ಎದೆಗುಂದಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಸ್ತ್ರೀಯರಿಗೂ ಮಕ್ಕಳಿಗೂ, ಅವರ ಆದಾಯವೆಷ್ಟೇ ಇರಲಿ, ಉಚಿತ ನೆರವು ದೊರೆಯುತ್ತದೆ.

ಈ ಎಲ್ಲದಕ್ಕೂ ಬುನಾದಿ ಒಂದು ಸಣ್ಣ ಪುಸ್ತಕ. ಹಾಲು, ಅಕ್ಕಿ, ಶುಲ್ಕ, ಪಠ್ಯಪುಸ್ತಕ, ಔಷಧಿ, ಬಾಡಿಗೆಯಲ್ಲಿ ಮಗುವಿನ ಪಾಲು ಇವನ್ನು ತಿಂಗಳು ತಿಂಗಳೂ ಬರೆದಿಟ್ಟು, ರಸೀದಿಗಳನ್ನು ಅದರೊಳಗೆ ಇಡಿರಿ. ಕಣ್ಣೀರು ನ್ಯಾಯಾಧೀಶರ ಮನಸ್ಸನ್ನು ಕರಗಿಸಬಹುದು. ಮೊತ್ತವನ್ನು ನಿರ್ಣಯಿಸುವುದು ಬರೆದ ಲೆಕ್ಕವೇ. ತಂದೆಯಾದವನು ಕೈಗೆ ನಗದು ಕೊಡುವ ಬದಲು ಬ್ಯಾಂಕಿನ ಮೂಲಕ ಸಲ್ಲಿಸಿದರೆ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸಾಕ್ಷಿಯಿದ್ದು ಹೊಸ ಜಗಳಕ್ಕೆ ಎಡೆಯಿರದು.

ಕಡೆಯದಾಗಿ, ಈ ಹಣವು ಹೆಂಡತಿಗೆ ಗಂಡನು ತೆರುವ ದಂಡವಲ್ಲ, ಗಂಡನನ್ನು ಹೆಂಡತಿ ಗೆದ್ದ ಪಣವೂ ಅಲ್ಲ. ಅದು ಮಗುವಿನ ಅನ್ನ. ಮಗುವನ್ನು ನೋಡಗೊಡಲಿಲ್ಲವೆಂದು ಹಣವನ್ನು ತಡೆಯುವುದೂ, ಹಣ ಬರಲಿಲ್ಲವೆಂದು ಮಗುವನ್ನು ಮರೆಸುವುದೂ ಎರಡೂ ಅದರ ತಟ್ಟೆಗೇ ಕೈಹಾಕಿದಂತೆ. ದಾಂಪತ್ಯದ ಋಣ ಹರಿದರೂ ಹರಿಯಬಹುದು. ಹೆತ್ತವರೆಂಬ ಋಣವನ್ನು ಹರಿಯುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಬಿನ್ನವಿಸುತ್ತೇವೆ.