ಕಿತ್ತೂರಿನ ಎಕ್ಸ್‌ಚೇಂಜ್ ಹೇಳುವುದೇ ಬೇರೆ

ಉನ್ನತ ತಂತ್ರಜ್ಞಾನ ಶ್ರೀಮಂತ ದೇಶಗಳ ಸೊತ್ತು, ನಾವು ಕೊಂಡು ಬಳಸಿದರೆ ಸಾಕು ಎಂಬ, ಈಚೆಗೆ ಓದಿದ ಲೇಖನವೊಂದರ ವಾದ ನಮ್ಮ ಬೆಳಗಾವಿ ಜಿಲ್ಲೆಯ ಇತಿಹಾಸದ ಮುಂದೆಯೇ ನಿಲ್ಲದು. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸಕ್ಕಿಳಿದದ್ದು ದಿಲ್ಲಿಯಲ್ಲಲ್ಲ, ನಮ್ಮ ಜಿಲ್ಲೆಯ ಕಿತ್ತೂರಿನಲ್ಲಿ. ಏರ್ ಕಂಡೀಷನ್ ಬೇಡದೆ ನಮ್ಮ ಬಿಸಿಲು, ದೂಳು ತಾಳುವ ಯಂತ್ರ ಅದು. ನಮ್ಮ ಹಳ್ಳಿಗಳ ಅಗತ್ಯ ಅರಿತು ಅದನ್ನು ಮಾಡಿದವರು ನಮ್ಮವರೇ.

ಚೀನಾದ ದೂರಸಂಪರ್ಕ ಕಂಪನಿ ಹುವಾವೆ ಶುರುವಾದದ್ದು 1987ರಲ್ಲಿ, ಕಿತ್ತೂರಿಗಿಂತ ಒಂದು ವರ್ಷ ತಡವಾಗಿ. ಅದೂ ಬೇರೆಯವರ ಟೆಲಿಫೋನ್ ಸ್ವಿಚ್ ಮಾರುತ್ತ. ಆದರೆ ಅದು ಗಳಿಕೆಯ ದೊಡ್ಡ ಪಾಲನ್ನು ಬಿಡದೆ ಸಂಶೋಧನೆಗೆ ಸುರಿಯಿತು. ನಾವು 1995ರಲ್ಲಿ ಮೊಬೈಲ್ ಬಂದಾಗ ಲೇಖಕರು ಹೇಳುವ ‘ಜಾಣತನ’ವನ್ನೇ ಮಾಡಿದೆವು: ಎರಿಕ್ಸನ್, ನೋಕಿಯಾ ಉಪಕರಣ ಕೊಂಡೆವು. ಬಿಎಸ್‌ಎನ್‌ಎಲ್ ಸ್ವದೇಶಿ 4ಜಿ ಉದ್ಘಾಟನೆಯಾಗಲು 2025 ಬರಬೇಕಾಯಿತು. ಅದರಲ್ಲೂ ಸಿ-ಡಾಟ್ ಇದೆ, ಬೆಂಗಳೂರಿನ ತೇಜಸ್ ಕಂಪನಿ ಇದೆ.

ಅಂದರೆ ಕೊರತೆಯಾದದ್ದು ಬುದ್ಧಿಯಲ್ಲ, ಮೊದಲ ಗೆಲುವಿನ ನಂತರವೂ ಹಣ ಹೂಡುವ ತಾಳ್ಮೆ. ಮುಂದಾಳುತನ ಒಮ್ಮೆ ಸಿಕ್ಕರೆ ಉಳಿಯುವ ಪಿತ್ರಾರ್ಜಿತ ಆಸ್ತಿಯಲ್ಲ. 6ಜಿ ಹೊತ್ತಿಗೂ ಕೊಳ್ಳುವುದೇ ಲೇಸು ಎನ್ನುವವರು, ಆ ಮೂವತ್ತು ವರ್ಷಗಳ ನಷ್ಟದ ಲೆಕ್ಕವನ್ನು ಮೊದಲು ಕೊಡಲಿ.

— ಓದುಗ, ಸುರೇಬಾನ