ಹೋಮ್ಸನ ಹದಿಹರೆಯ

ಪತ್ತೇದಾರರಿಗೆ ಸಾಮಾನ್ಯವಾಗಿ ಬಾಲ್ಯವಿರುವುದಿಲ್ಲ. ಕಥೆಯೊಳಕ್ಕೆ ಕಾಲಿಡುವ ಹೊತ್ತಿಗಾಗಲೇ ಅವರು ಪ್ರೌಢರು, ಪ್ರವೀಣರು. ಅವರಲ್ಲಿ ಅಗ್ರಗಣ್ಯನಾದ ಷರ್ಲಾಕ್ ಹೋಮ್ಸನೂ ಹೀಗೆಯೇ. 1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಅವನನ್ನು ಲೋಕಕ್ಕೆ ಪರಿಚಯಿಸಿದಾಗ ಅವನು ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ರಕ್ತಪರೀಕ್ಷೆಯಲ್ಲಿ ಮಗ್ನನಾಗಿದ್ದ. ಡಾಕ್ಟರ್ ವಾಟ್ಸನ್ನನ ಸ್ನೇಹ ಮೊಳೆತದ್ದೂ ಅಲ್ಲಿಯೇ. ಮುಂದೆ ಡಾಯ್ಲ್ ಬರೆದ 4 ಕಾದಂಬರಿಗಳಲ್ಲಾಗಲಿ, 56 ಸಣ್ಣ ಕಥೆಗಳಲ್ಲಾಗಲಿ ಹೋಮ್ಸನ ತಾಯಿತಂದೆಗಳ ಹೆಸರು ಕೂಡ ಸಿಗುವುದಿಲ್ಲ.

ಲೇಖಕ ಬರಿದಾಗಿ ಬಿಟ್ಟ ಈ ಪುಟವನ್ನು ತುಂಬಲು ಹೊರಟ ಚಿತ್ರ 1985ರ ‘ಯಂಗ್ ಷರ್ಲಾಕ್ ಹೋಮ್ಸ್’. ಬ್ಯಾರಿ ಲೆವಿನ್ಸನ್ ನಿರ್ದೇಶಕರು. ಕಥೆ ಕ್ರಿಸ್ ಕೊಲಂಬಸ್ ಅವರದು. ನಿರ್ಮಾಣದ ಬೆನ್ನಿಗೆ ಸ್ಟೀವನ್ ಸ್ಪೀಲ್‌ಬರ್ಗ್. ಹೋಮ್ಸನೂ ವಾಟ್ಸನ್ನನೂ ಪರಸ್ಪರ ಕಂಡದ್ದು ದೊಡ್ಡವರಾದ ಮೇಲೆಯೇ ಎಂಬುದನ್ನು ಚಿತ್ರ ಮರೆಮಾಚುವುದಿಲ್ಲ. ತನ್ನದು ಅಭಿಮಾನದಿಂದ ಮಾಡಿದ ಊಹೆಯಷ್ಟೇ ಎಂದು ಒಪ್ಪಿಕೊಂಡೇ ಕಥೆ ಹೇಳುತ್ತದೆ.

ಚಳಿಗಾಲದ ಲಂಡನ್. ಹಳ್ಳಿಯ ಕಡೆಯಿಂದ ಬಂದ ಗುಂಡುಮುಖದ ವಾಟ್ಸನ್ ಹೊಸ ಶಾಲೆಯ ವಿದ್ಯಾರ್ಥಿನಿಲಯವನ್ನು ಪ್ರವೇಶಿಸುತ್ತಾನೆ. ಉದ್ದನೆಯ ಹುಡುಗನೊಬ್ಬ ಅವನನ್ನು ಒಮ್ಮೆ ನೋಡಿ ಅವನ ಪ್ರವರವನ್ನೆಲ್ಲ ಹೇಳಿಬಿಡುತ್ತಾನೆ. ಬೆರಳಿನಲ್ಲಿ ದಡ್ಡುಗಟ್ಟಿದ ಚರ್ಮ ಬರವಣಿಗೆಯ ಗೀಳನ್ನು ಹೇಳಿದರೆ, ಉಡುಪಿಗಂಟಿದ ಹಳದಿ ಕಲೆ ಸಿಹಿತಿಂಡಿಯ ಚಪಲವನ್ನು ಹೇಳುತ್ತದೆ. ಎಲ್ಲವೂ ಸರಿ, ಒಂದರ ಹೊರತು. ಜಾನ್ ವಾಟ್ಸನ್ನನನ್ನು ಅವನು ಜೇಮ್ಸ್ ಎಂದು ಕರೆಯುತ್ತಾನೆ. ಡಾಯ್ಲರ 1891ರ ಕಥೆಯೊಂದರಲ್ಲಿ ವಾಟ್ಸನ್ನನ ಮಡದಿಯೇ ಗಂಡನನ್ನು ಜೇಮ್ಸ್ ಎಂದು ಕರೆದುಬಿಟ್ಟದ್ದನ್ನು ಬಲ್ಲ ವಾಚಕರು ಇಲ್ಲಿ ನಗದೆ ಇರಲಾರರು. ಬಲ್ಲದವರಿಗೂ ಈ ಸನ್ನಿವೇಶ ಒಂದು ಮುಖ್ಯ ಸಂಗತಿಯನ್ನು ತಿಳಿಸುತ್ತದೆ: ಈ ಹೋಮ್ಸ್ ಇನ್ನೂ ಕಲಿಯುತ್ತಿರುವ ಹುಡುಗ, ಬುದ್ಧಿ ಬೆಳೆದಿದೆ, ವಿನಯ ಬೆಳೆದಿಲ್ಲ. ನಿಕೊಲಸ್ ರೋ ಈ ಗರ್ವವನ್ನು ಅಸಹ್ಯವೆನಿಸದಂತೆ ನಟಿಸಿದ್ದಾರೆ. ವಾಟ್ಸನ್ನನಾದ ಅಲನ್ ಕಾಕ್ಸ್ ಅವರ ಕಕ್ಕಾಬಿಕ್ಕಿತನ ಅದಕ್ಕೆ ತಕ್ಕ ಜೋಡಿ.

ಈ ಚಿತ್ರ ಚಲಚ್ಚಿತ್ರ ಚರಿತ್ರೆಯಲ್ಲಿ ಸ್ಥಾನ ಪಡೆದಿರುವುದು ಮಾತ್ರ ಬೇರೊಂದು ಕಾರಣಕ್ಕೆ. ವಿಷಸೂಜಿ ತಗುಲಿದ ಪಾದ್ರಿಯೊಬ್ಬರಿಗೆ ಚರ್ಚಿನ ಬಣ್ಣದ ಗಾಜಿನ ಕಿಟಕಿಯಲ್ಲಿದ್ದ ಯೋಧ ಜೀವತಳೆದು, ಕೆಳಗೆ ಜಿಗಿದು, ಖಡ್ಗ ಹಿರಿದು ಬರುವಂತೆ ತೋರುತ್ತದೆ. ಕ್ಷಣಕಾಲ ಕಾಣುವ ಆ ಗಾಜಿನ ಯೋಧ, ಸಜೀವ ನಟನೊಡನೆ ತೆರೆಯ ಮೇಲೆ ಬೆರೆತು ನಿಂತ, ಸಂಪೂರ್ಣವಾಗಿ ಕಂಪ್ಯೂಟರಿನಲ್ಲಿ ರೂಪುಗೊಂಡ ಮೊದಲ ಪಾತ್ರವೆಂದು ಹೆಸರಾಗಿದ್ದಾನೆ. ಅವನನ್ನು ರೂಪಿಸಿದ ತಂಡದಲ್ಲಿ ಜಾನ್ ಲ್ಯಾಸಟರ್ ಇದ್ದರು. ಮರುವರ್ಷ ಪಿಕ್ಸಾರ್ ಎಂಬ ಸ್ವತಂತ್ರ ಸಂಸ್ಥೆಯಾದ ಅದೇ ತಂಡ 1995ರಲ್ಲಿ ‘ಟಾಯ್ ಸ್ಟೋರಿ’ಯನ್ನು ಕೊಟ್ಟಿತು.

ಚಿತ್ರದ ಉಳಿದ ಜಾಣ್ಮೆಯೆಲ್ಲ ವ್ಯಯವಾಗಿರುವುದು ಹೋಮ್ಸನ ಪ್ರತಿಯೊಂದು ಲಕ್ಷಣಕ್ಕೂ ಮೂಲ ಹುಡುಕುವುದರಲ್ಲಿ. ಟೋಪಿ, ನಿಲುವಂಗಿ, ಬಾಯಿಯ ಕೊಳವೆ, ಒಂದೊಂದಕ್ಕೂ ಒಂದೊಂದು ಕಥೆ. ವಿನೋದವೆಂದರೆ, ಆ ಪ್ರಸಿದ್ಧ ಬೇಟೆಯ ಟೋಪಿ ಅವನ ತಲೆಗೇರಿದ್ದು ಚಿತ್ರಕಾರ ಸಿಡ್ನಿ ಪ್ಯಾಜೆಟ್ಟನ ಕುಂಚದಿಂದ. ಬಾಗಿದ ಕೊಳವೆ ಜನರ ಮನಸ್ಸಿನಲ್ಲಿ ನಿಂತದ್ದು ನಟ ವಿಲಿಯಂ ಜಿಲೆಟ್ಟನ ರಂಗವೇಷದಿಂದ. ಇಷ್ಟು ಆಟವಾದರೆ ಸೊಗಸೇ. ಆದರೆ ಹೃದಯಕ್ಕೂ ಇದೇ ರೀತಿ ಕಾರಣ ಹುಡುಕಿರುವುದು ಚಿಂತಿಸತಕ್ಕ ವಿಷಯ. ಹೋಮ್ಸ್ ಪ್ರೀತಿಸಿದ ಎಲಿಜಬೆತ್, ಅವನಿಗೆ ಬೀಳಬೇಕಾಗಿದ್ದ ಗುಂಡಿಗೆ ತಾನು ಎದೆಯೊಡ್ಡಿ ಸಾಯುತ್ತಾಳೆ. ಅವನ ಒಂಟಿ ಬಾಳಿಗೆ ಅದೇ ಕಾರಣವೆಂದು ಚಿತ್ರ ಸೂಚಿಸುತ್ತದೆ. ಡಾಯ್ಲರ ಹೋಮ್ಸನಾದರೋ ಭಾವೋದ್ರೇಕ ವಿಚಾರಶಕ್ತಿಯನ್ನು ಮಸುಕುಗೊಳಿಸುತ್ತದೆಂದು ನಂಬಿ ತಾನಾಗಿಯೇ ದೂರನಿಂತವನು. ಅವನ ಸಂಯಮವನ್ನು ಗಾಯವನ್ನಾಗಿಸಿದರೆ ಪ್ರೇಕ್ಷಕರ ಕಣ್ಣು ಒದ್ದೆಯಾದೀತು, ಆದರೆ ಮನುಷ್ಯ ಚಿಕ್ಕವನಾಗುತ್ತಾನೆ.

ಇದಕ್ಕಿಂತಲೂ ದೊಡ್ಡ ತೊಡಕು ಖಳನ ವಿಷಯದಲ್ಲಿದೆ. ಲಂಡನ್ನಿನ ನೆಲದಡಿಯಲ್ಲಿ ಈಜಿಪ್ಟಿನ ಗುಪ್ತಪಂಥವೊಂದು ಮರದ ಪಿರಮಿಡ್ಡು ಕಟ್ಟಿ ನರಬಲಿ ಕೊಡುತ್ತದೆ. ಹಿಂದಿನ ವರ್ಷವೇ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಟೆಂಪಲ್ ಆಫ್ ಡೂಮ್’ನಲ್ಲಿ ಭಾರತಕ್ಕೆ ಒದಗಿದ್ದ ದುರ್ಗತಿಯೇ ಇಲ್ಲಿ ಈಜಿಪ್ಟಿಗೆ ಒದಗಿದೆ. ಆದರೂ ಖಳನಿಗೆ ನಿಜವಾದ ದುಃಖವೊಂದಿದೆ: ಬ್ರಿಟಿಷ್ ವ್ಯಾಪಾರಿಗಳು ಅವನ ಹಳ್ಳಿಯ ನೆಲದಲ್ಲಿ ಸಮಾಧಿಗಳನ್ನು ಅಗೆದರು, ತಡೆದ ಹಳ್ಳಿಗರ ಮೇಲೆ ಸೈನ್ಯ ಬಿತ್ತು, ಅವನು ಅನಾಥನಾದ. ನಾಲ್ಕು ಮಾತಿನಲ್ಲಿ ಇದನ್ನು ಹೇಳಿ ಮುಗಿಸುವ ಚಿತ್ರ ಮತ್ತೆ ಕತ್ತಿವರಸೆಗೆ ಓಡುತ್ತದೆ. 1890ರ ‘ದಿ ಸೈನ್ ಆಫ್ ಫೋರ್’ನಲ್ಲಿಯೂ ವಿಷಸೂಜಿಯಿದೆ, ಸಾಗರದಾಚೆಯಿಂದ ಬೆನ್ನಟ್ಟಿ ಬಂದ ಸೇಡಿದೆ. ಅಲ್ಲಿ ಡಾಯ್ಲ್, ಆಗ್ರಾದ ನಿಧಿಗಾಗಿ ಸೆರೆವಾಸ ಕಂಡ ಜೊನಾಥನ್ ಸ್ಮಾಲ್‌ನಿಗೆ ಕೊನೆಯ ದೀರ್ಘ ಅಧ್ಯಾಯವನ್ನೇ ಬಿಟ್ಟುಕೊಟ್ಟಿದ್ದಾರೆ. ನಿಜ, ಸ್ಮಾಲ್ ಇಂಗ್ಲಿಷಿನವನು. ಅಂಡಮಾನಿನ ಟೋಂಗಾನಿಗೆ ಆ ಭಾಗ್ಯವಿಲ್ಲ. ನೂರು ವರ್ಷಗಳ ಅನಂತರ ಬಂದ ಚಿತ್ರ ಆ ಕೊರತೆಯನ್ನು ತುಂಬಬಹುದಾಗಿತ್ತು, ತುಂಬಲಿಲ್ಲ.

ಹೆಸರುಗಳ ಪಟ್ಟಿ ಮುಗಿಯುವವರೆಗೆ ಕುಳಿತವರಿಗೆ ಕಡೆಯ ದೃಶ್ಯವೊಂದು ಕಾದಿದೆ. ಸತ್ತನೆಂದು ತಿಳಿದಿದ್ದ ಖಳ ಹಿಮದ ನಾಡಿನ ವಸತಿಗೃಹವೊಂದಕ್ಕೆ ಬಂದು ‘ಮೊರಿಯಾರ್ಟಿ’ ಎಂದು ಸಹಿ ಹಾಕುತ್ತಾನೆ. ಹೋಮ್ಸನಿಗೆ ಕತ್ತಿವರಸೆ ಕಲಿಸಿದ ಗುರುವೇ ಅವನ ಆಜನ್ಮ ವೈರಿ! ಚಪ್ಪಾಳೆಗೆ ತಕ್ಕ ತಿರುವು. ಮನೆಯ ಮಕ್ಕಳು ಅದಕ್ಕೆ ಧಾರಾಳವಾಗಿ ಚಪ್ಪಾಳೆ ತಟ್ಟಲಿ. ಹಿರಿಯರು ಮಾತ್ರ, ಸುಟ್ಟ ಹಳ್ಳಿಯಿಂದ ಎದ್ದು ಬಂದ ಅನಾಥನು ಲೋಕಕಂಟಕನಾಗುವ ಮುನ್ನ ಅವನ ಅಹವಾಲನ್ನು ಕೇಳಿದವರಾರೆಂದು ಪಕ್ಕದಲ್ಲಿ ಕುಳಿತ ಮಕ್ಕಳನ್ನು ಒಮ್ಮೆ ವಿಚಾರಿಸಬಹುದು. ಸುಳಿವುಗಳನ್ನು ಗಮನಿಸಬೇಕೆಂಬುದು ಹೋಮ್ಸನೇ ಕಲಿಸಿದ ಪಾಠವಲ್ಲವೆ?