ಸದ್ದಡಗಿಸುವ ಕಾಯಕ

ತುಮಕೂರು, ಹಾಸನಗಳ ಹೆದ್ದಾರಿಗಳು ಕವಲೊಡೆಯುವ ನೆಲಮಂಗಲಕ್ಕೆ ವಾಹನಗಳ ಸದ್ದು ಹೊಸತಲ್ಲ. ಆದರೆ ಸೈಲೆನ್ಸರನ್ನು ಬೇಕೆಂದೇ ಬದಲಿಸಿದ ಮೋಟಾರ್ ಸೈಕಲ್ಲಿನ ಆರ್ಭಟ ಬೇರೆ ಬಗೆಯದು. ಅದು ಪ್ರಯಾಣದ ಅಗತ್ಯದಿಂದಲ್ಲ, ಪ್ರದರ್ಶನದ ಚಟದಿಂದ ಹುಟ್ಟಿದುದು. ಪಾಠ ಹೇಳುವ ಉಪಾಧ್ಯಾಯರೂ ಹಾಸಿಗೆ ಹಿಡಿದ ರೋಗಿಯೂ ಅದರ ಬೆಲೆ ತೆರುತ್ತಾರೆ.

ಕಾನೂನಿಗೆ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ಸದ್ದು ತಗ್ಗಿಸುವ ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ. 2000ದ ಶಬ್ದಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯದ ಹಗಲಿನ ಮಿತಿಯನ್ನು 50 ಡೆಸಿಬೆಲ್ ಎಂದಿವೆ. ಡೆಸಿಬೆಲ್ ಅಳೆಯಲು ಯಂತ್ರ ಬೇಕು. ಕೊರೆದ ಸೈಲೆನ್ಸರನ್ನು ಗುರುತಿಸಲು ಕಣ್ಣು ಸಾಕು.

ಕೊರತೆಯಿರುವುದು ಜಾರಿಯ ಸಾತತ್ಯದಲ್ಲಿ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಪೊಲೀಸರು ರೋಡ್ ರೋಲರ್‌ನಿಂದ ಜಜ್ಜಿಸುವ ದೃಶ್ಯ ಒಂದು ದಿನದ ಸುದ್ದಿ. ಮರುದಿನ ಹೊಸದನ್ನು ಜೋಡಿಸುವ ಮಳಿಗೆ ತೆರೆದೇ ಇರುತ್ತದೆ. ಜಾರಿ ಸಡಿಲವಾದಲ್ಲಿ ಜನರ ಸಿಟ್ಟೇ ಕಾನೂನಾಗುವ ಅಪಾಯವುಂಟು. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಬಳಿ, ಹೆದ್ದಾರಿಯಲ್ಲಿ ವ್ಹೀಲಿ ಮಾಡುತ್ತಿದ್ದವರ ಮೇಲೆ ರೊಚ್ಚಿಗೆದ್ದ ಜನರು ಎರಡು ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಗೆಸೆದರು. ಅದು ನ್ಯಾಯವಲ್ಲ, ಎಚ್ಚರಿಕೆ.

ಆದುದರಿಂದ ತಪಾಸಣೆ ರಸ್ತೆಗಷ್ಟೇ ಸೀಮಿತವಾಗದೆ ಮಳಿಗೆಯ ಬಾಗಿಲನ್ನೂ ಮುಟ್ಟಬೇಕು, ವರ್ಷವಿಡೀ ನಡೆಯಬೇಕು. ಶರಣರು ಕಾಯಕವನ್ನು ಸದಾಚಾರದಿಂದ ಬೇರ್ಪಡಿಸಲಿಲ್ಲ. ಗಿರಾಕಿ ಕೇಳಿದನೆಂದು ನೆರೆಯವರ ನೆಮ್ಮದಿ ಕೆಡಿಸುವ ಕೆಲಸ ದುಡಿಮೆಯಾದೀತು, ಕಾಯಕವಾಗದು. ಮಗನಿಗೆ ವಾಹನ ಕೊಡಿಸುವ ತಂದೆಯೂ ಅದನ್ನು ದುರಸ್ತಿ ಮಾಡುವ ಕುಶಲಕರ್ಮಿಯೂ ಇಂಥ ಶಾಲೆಗಳಲ್ಲಿಯೇ ಓದಿದವರು. ಈ ಪಾಠ ಅವರಿಂದಲೇ ಮೊದಲಾಗಲಿ.